ಮಾಗಿ ಚಳಿಯಲ್ಲಿ ಮೈಗೊಂದು ಬಿಡುವು

ಡಿಸೆಂಬರಿನ ಬೆಳಗಿನ ಐದೂವರೆ. ಬಯಲುಸೀಮೆಯ ಊರುಗಳ ಮೇಲೆ ಕವಿದ ಮಂಜು ಇನ್ನೂ ಕದಲಿರುವುದಿಲ್ಲ. ದೇವಸ್ಥಾನದ ಕಡೆಯಿಂದ ಧನುರ್ಮಾಸದ ಪೂಜೆಯ ಗಂಟೆ ಕೇಳಿಸುತ್ತಿರುತ್ತದೆ. ಹಾಲಿನ ಬೂತಿನ ಮುಂದೆ ಮಫ್ಲರ್ ಸುತ್ತಿಕೊಂಡವರು ಅಂಗೈ ಉಜ್ಜುತ್ತ ನಿಂತಿರುತ್ತಾರೆ. ರಸ್ತೆ ಬದಿಯಲ್ಲಿ ಒಣಗಿದ ಎಲೆ, ರಟ್ಟಿನ ಚೂರು ಗುಡ್ಡೆ ಹಾಕಿ ಚಳಿ ಕಾಯಿಸಿಕೊಳ್ಳುವವರ ಸುತ್ತ ಹೊಗೆ ಎದ್ದಿರುತ್ತದೆ. ಮನೆಯೊಳಗೆ ಅಲಾರಂ ಎರಡು ಸಲ ಹೊಡೆದು ಸುಮ್ಮನಾಗಿರುತ್ತದೆ. ರಗ್ಗಿನೊಳಗಿನ ಮೈ ಏಳಲು ಒಪ್ಪುವುದಿಲ್ಲ. ಎದ್ದರೂ ಸೊಂಟ, ಮಂಡಿ, ಹೆಗಲು ಸಲೀಸಾಗಿ ತಿರುಗಲು ಹತ್ತು ನಿಮಿಷವಾದರೂ ಬೇಕು.

ಈ ಹಿಂಜರಿಕೆಯನ್ನು ಸೋಮಾರಿತನ ಎಂದು ಬೈದುಕೊಳ್ಳುವವರೇ ಹೆಚ್ಚು. ಆದರೆ ಮೈ ಕೇಳುತ್ತಿರುವುದರಲ್ಲಿ ನ್ಯಾಯವಿದೆ. ಹಗಲು ಕುಗ್ಗಿ, ಚಳಿ ಏರಿದ ದಿನಗಳಲ್ಲಿ ದೇಹದ ಲಯ ಬದಲಾಗುತ್ತದೆ. ಆ ಲಯಕ್ಕೆ ಹೊಂದುವ ಸಾಧನೆಯೊಂದು ಯೋಗದಲ್ಲೇ ಇದೆ: ಆಧಾರ ಕೊಟ್ಟ ಆಸನಗಳಲ್ಲಿ, ಬೆಚ್ಚಗೆ, ಅಲುಗಾಡದೆ, ಎಚ್ಚರವಾಗಿದ್ದು ವಿಶ್ರಮಿಸುವುದು. ವ್ಯಾಯಾಮದ ಕೊನೆಗೆ ಎರಡು ನಿಮಿಷ ಅಂಟಿಸಿ ಮುಗಿಸುವ ಶವಾಸನದಿಂದ ಇದು ಸಿದ್ಧಿಸುವುದಿಲ್ಲ. ಅದಕ್ಕೆ ಬೇರೆಯಾಗಿ ಹೊತ್ತು ಕೊಡಬೇಕು, ನಡಿಗೆ ಕಲಿತಂತೆ ಕಲಿಯಬೇಕು.

ಕುಗ್ಗುವ ಹಗಲು, ಬಿಗಿಯುವ ಮೈ

ಕರ್ನಾಟಕದ ಚಳಿ ಉತ್ತರ ಭಾರತದಷ್ಟು ಕಟುವಲ್ಲ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಹಗಲಿನ ಏರಿಳಿತವೂ ಅಗಾಧವೇನಲ್ಲ. ಜೂನ್ 21ರ ಸುಮಾರಿಗೆ ಬೆಂಗಳೂರಿಗೆ 12 ಗಂಟೆ 50 ನಿಮಿಷಕ್ಕೂ ಹೆಚ್ಚು ಹಗಲು ಸಿಕ್ಕರೆ, ಡಿಸೆಂಬರ್ 21–22ರ ಹೊತ್ತಿಗೆ ಅದು 11 ಗಂಟೆ 20 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಒಂದೂವರೆ ಗಂಟೆಯ ಈ ವ್ಯತ್ಯಾಸ ಸಂಜೆ ಆರರ ಕತ್ತಲಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಹಗಲು ಮತ್ತೆ ಬೆಳೆಯತೊಡಗಿದ ಮೇಲೂ ಬೆಳಗಿನ ಕತ್ತಲು ತಕ್ಷಣ ಕರಗುವುದಿಲ್ಲ. ಬೆಂಗಳೂರಿನಲ್ಲಿ ಸೂರ್ಯ ಅತಿ ತಡವಾಗಿ ಮೂಡುವುದು ಡಿಸೆಂಬರಿನಲ್ಲಲ್ಲ, ಸಂಕ್ರಾಂತಿ ಕಳೆದ ಮೇಲೆ, ಜನವರಿಯ ಉತ್ತರಾರ್ಧದಲ್ಲಿ. ಸಂಕ್ರಾಂತಿ ಹಬ್ಬವಾಯಿತು, ಇನ್ನೇಕೆ ಬೆಳಗಾಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಇದೇ.

ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಕತ್ತಲಲ್ಲಿ ಹೆಚ್ಚಾಗಿ ಸ್ರವಿಸುತ್ತದೆ. ಮಲಗುವ ಹೊತ್ತು ಬಂತು ಎಂದು ದೇಹಕ್ಕೆ ತಿಳಿಸುವುದು ಇದರ ಕೆಲಸ. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಆ ಸ್ರಾವವನ್ನು ತಡೆದು ಎಚ್ಚರ ತರುತ್ತದೆ. ಹೊರಗೆ ಇನ್ನೂ ಕತ್ತಲಿರುವಾಗ ಅಲಾರಂ ಹೊಡೆದರೆ, ದೇಹದ ಗಡಿಯಾರ ಒಂದು ಹೊತ್ತು ಹೇಳುತ್ತದೆ, ಗೋಡೆಯ ಗಡಿಯಾರ ಇನ್ನೊಂದು ಹೇಳುತ್ತದೆ.

ಚಳಿಯ ಪರಿಣಾಮ ಬೇರೆ. ಒಳಗಿನ ಶಾಖ ಉಳಿಸಿಕೊಳ್ಳಲು ದೇಹ ಚರ್ಮದ ಬಳಿಯ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಾಗಾಗಿ ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ತುಸು ಏರುತ್ತದೆ. ತಣ್ಣಗಾದ ಸ್ನಾಯು ಬಿಸಿ ಸ್ನಾಯುವಿನಷ್ಟು ಹಿಗ್ಗುವುದಿಲ್ಲ. ಕೀಲುಗಳಲ್ಲಿನ ಜಾರುದ್ರವವೂ ಮಂದವಾಗುತ್ತದೆ. ಇದರ ಜೊತೆಗೆ ಚಳಿಗೆ ಮುದುಡಿ ಹೆಗಲನ್ನು ಕಿವಿಯವರೆಗೆ ಎತ್ತಿ, ಎದೆಯನ್ನು ಒಳಗೆಳೆದು ನಡೆಯುವುದು ಅಭ್ಯಾಸವಾಗಿಬಿಡುತ್ತದೆ. ಸ್ಕೂಟರ್ ಓಡಿಸುವವರ ಕತ್ತು, ಬೆನ್ನಿನ ಮೇಲ್ಭಾಗ ಚಳಿಗಾಲದಲ್ಲಿ ಹಿಡಿದುಕೊಳ್ಳುವುದಕ್ಕೆ ಒಂದು ಕಾರಣ ಈ ಮುದುಡುವಿಕೆ.

ಋತುಚರ್ಯೆ ಏನು ಹೇಳುತ್ತದೆ

ಋತುವಿಗೆ ತಕ್ಕ ನಡವಳಿಕೆಯನ್ನು ಋತುಚರ್ಯೆ ಎಂದು ಕರೆಯುವ ಆಯುರ್ವೇದ ಚಳಿಯ ಕಾಲವನ್ನು ಎರಡು ಋತುಗಳಾಗಿ ಎಣಿಸುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳು ಹೇಮಂತ. ಮಾಘ, ಫಾಲ್ಗುಣ ಮಾಸಗಳು ಶಿಶಿರ. ಹೇಮಂತದಲ್ಲಿ ಹೊರಗಿನ ತಂಪು ಒಳಗಿನ ಶಾಖವನ್ನು ತಡೆದಿಡುವುದರಿಂದ ಜಠರಾಗ್ನಿ ಪ್ರಬಲವಾಗಿರುತ್ತದೆ ಎಂಬುದು ಅದರ ಲೆಕ್ಕ. ಜಿಡ್ಡಿನ, ಬಿಸಿಯಾದ ಊಟ, ಎಣ್ಣೆ ಹಚ್ಚಿಕೊಂಡು ಬಿಸಿನೀರಿನ ಸ್ನಾನ, ಬೆಚ್ಚನೆಯ ಬಟ್ಟೆ ಇವನ್ನೆಲ್ಲ ಅದು ವಿಧಿಸುತ್ತದೆ. ಮೆಣಸು, ಶುಂಠಿ, ತುಪ್ಪ ಬಿದ್ದ ಧನುರ್ಮಾಸದ ಹುಗ್ಗಿ, ಸಂಕ್ರಾಂತಿಯ ಎಳ್ಳು, ಕಡಲೆಬೀಜ, ಕೊಬ್ಬರಿ, ಬೆಲ್ಲ, ಉತ್ತರ ಕರ್ನಾಟಕದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇವೆಲ್ಲ ಇದೇ ಲೆಕ್ಕಕ್ಕೆ ಹೊಂದುವ ಅಡುಗೆಗಳು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯ ಚಳಿಗಾಲದಲ್ಲಿ ವ್ಯಾಯಾಮ ಬಿಡಲು ಹೇಳುವುದಿಲ್ಲ. ಬಲವಿದ್ದು ಜಿಡ್ಡಿನ ಊಟ ಉಣ್ಣುವವರು ಚಳಿಗಾಲದಲ್ಲೂ ವಸಂತದಲ್ಲೂ ತಮ್ಮ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಮಾಡಬೇಕು ಎನ್ನುತ್ತದೆ. ಹಗಲುನಿದ್ದೆಯನ್ನು ಅದು ಒಪ್ಪುವುದು ಮುಖ್ಯವಾಗಿ ಬೇಸಿಗೆಗೆ. ಬೇರೆ ಋತುಗಳಲ್ಲಿ ಅದರಿಂದ ಕಫ ಹೆಚ್ಚುತ್ತದೆ ಎಂದು ಎಚ್ಚರಿಸುತ್ತದೆ.

ಆದ್ದರಿಂದ ಚಳಿಗಾಲದ ವಿಶ್ರಾಂತಿ ಎಂದರೆ ಮಧ್ಯಾಹ್ನ ಕಂಬಳಿ ಹೊದ್ದು ಮಲಗುವುದು ಎಂದಾಗಲಿ, ನಡಿಗೆ ಮತ್ತು ಸೂರ್ಯನಮಸ್ಕಾರವನ್ನು ಬಿಡುವುದು ಎಂದಾಗಲಿ ತಿಳಿಯಬಾರದು. ದೇಹವನ್ನು ದುಡಿಸಿ, ಆಮೇಲೆ ಎಚ್ಚರದಲ್ಲೇ ಅದನ್ನು ನಿಶ್ಚಲವಾಗಿ ಇಡುವುದು ಇಲ್ಲಿನ ಉದ್ದೇಶ. ಈ ಮೂರನೆಯ ಸ್ಥಿತಿಗೆ, ಅಂದರೆ ದುಡಿಮೆಯೂ ಅಲ್ಲದ ನಿದ್ದೆಯೂ ಅಲ್ಲದ ಸ್ಥಿತಿಗೆ, ನಮ್ಮ ದಿನಚರಿಯಲ್ಲಿ ಈಗ ಜಾಗವೇ ಉಳಿದಿಲ್ಲ.

ಶವಾಸನದಿಂದ ಲೋಡುದಿಂಬಿನವರೆಗೆ

ನಿಶ್ಚಲತೆ ಯೋಗಕ್ಕೆ ಹೊಸದಲ್ಲ. ಪತಂಜಲಿ ಆಸನಕ್ಕೆ ಸ್ಥಿರತೆ ಮತ್ತು ಸುಖ ಎರಡನ್ನೂ ಲಕ್ಷಣವಾಗಿ ಹೇಳಿ, ಪ್ರಯತ್ನ ಸಡಿಲಗೊಂಡಾಗ ಅದು ಸಿದ್ಧಿಸುತ್ತದೆ ಎನ್ನುತ್ತಾನೆ. ಸುಮಾರು 15ನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ಶವಾಸನವನ್ನು ಪ್ರತ್ಯೇಕ ಆಸನವಾಗಿ ವಿವರಿಸಿದ್ದಾನೆ. ಶವದಂತೆ ಅಂಗಾತ ಮಲಗುವ ಈ ಆಸನ ದಣಿವು ಕಳೆಯುತ್ತದೆ, ಚಿತ್ತಕ್ಕೆ ವಿಶ್ರಾಂತಿ ಕೊಡುತ್ತದೆ ಎಂದು ಅದರ ಫಲವನ್ನೂ ಹೇಳಿದ್ದಾನೆ. ಘೇರಂಡ ಸಂಹಿತೆಯ 32 ಆಸನಗಳ ಪಟ್ಟಿಯಲ್ಲಿ ಇದೇ ಮೃತಾಸನವಾಗಿ ಬರುತ್ತದೆ.

ಆಧುನಿಕ ಯೋಗದ ಕಥೆ ಬಹುಪಾಲು ಮೈಸೂರಿನದು. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಮರುವರ್ಷ ಅವರ 'ಯೋಗ ಮಕರಂದ' ಕನ್ನಡದಲ್ಲೇ ಪ್ರಕಟವಾಯಿತು. ಅವರ ಶಿಷ್ಯರಲ್ಲಿ ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರು ಬೆವರಿಳಿಸುವ, ವೇಗದ ಅಷ್ಟಾಂಗ ವಿನ್ಯಾಸ ಪದ್ಧತಿಯನ್ನು ಬೆಳೆಸಿದರು. ಅದನ್ನು ಕಲಿಯಲು ಇಂದಿಗೂ ಚಳಿಗಾಲದಲ್ಲಿ ಹಲವು ದೇಶಗಳ ಜನ ಮೈಸೂರಿನ ಗೋಕುಲಂ ಬಡಾವಣೆಗೆ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅಷ್ಟು ಬಿರುಸಿನ ಆ ಪದ್ಧತಿಯಲ್ಲೂ ವಾರಕ್ಕೊಂದು ದಿನ ರಜೆ ಇದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಅಭ್ಯಾಸ ಮಾಡಬಾರದೆಂಬ ಕಟ್ಟಳೆಯೂ ಇದೆ.

ಇನ್ನೊಬ್ಬ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್. 1918ರ ಡಿಸೆಂಬರ್ 14ರಂದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ವರ್ಷದಲ್ಲಿ ಅವರು ಹುಟ್ಟಿದರು. ಬಾಲ್ಯವೆಲ್ಲ ಮಲೇರಿಯ, ವಿಷಮಜ್ವರ, ಕ್ಷಯಗಳಲ್ಲೇ ಕಳೆಯಿತು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು 1937ರಲ್ಲಿ ಪುಣೆಗೆ ಹೋದರು. ಕಾಯಿಲೆಯ ಮೈ ಹೇಗಿರುತ್ತದೆ ಎಂದು ಬಲ್ಲ ಅವರು, ಬಾಗಲಾಗದ ಮೈಗೂ ಆಸನದ ಫಲ ಸಿಗಬೇಕೆಂದು ಕುರ್ಚಿ, ಹಗ್ಗ, ಪಟ್ಟಿ, ಮರದ ತುಂಡು, ಕಂಬಳಿ, ಲೋಡುದಿಂಬುಗಳನ್ನು ಬಳಕೆಗೆ ತಂದರು. 1966ರಲ್ಲಿ ಹೊರಬಂದ ಅವರ 'ಲೈಟ್ ಆನ್ ಯೋಗ' ಪುಸ್ತಕದಲ್ಲಿ ಒಂದಕ್ಕಿಂತ ಒಂದು ಕಠಿಣವಾದ ಆಸನಗಳು ಸಾಲುಗಟ್ಟಿ ಬರುತ್ತವೆ. ಆ ಸಾಲಿನ ಕೊನೆಯದು ಶವಾಸನ. ನೋಡಲು ಸುಲಭ, ಸಾಧಿಸಲು ಕಷ್ಟ ಎಂಬುದು ಅವರ ನಿಲುವಾಗಿತ್ತು. ಅವರ ಅಮೆರಿಕನ್ ಶಿಷ್ಯೆ ಜುಡಿತ್ ಹ್ಯಾನ್ಸನ್ ಲ್ಯಾಸಟರ್ ಆಧಾರ ಕೊಟ್ಟ ಈ ಆಸನಗಳನ್ನು ಒಂದು ಕ್ರಮವಾಗಿ ಜೋಡಿಸಿ 1990ರ ದಶಕದಲ್ಲಿ ಪುಸ್ತಕ ಬರೆದರು. ಇಂದು ಜಗತ್ತಿನ ಯೋಗಕೇಂದ್ರಗಳಲ್ಲಿ ರೆಸ್ಟೋರೇಟಿವ್ ಯೋಗ ಎಂದು ನಡೆಯುವ ತರಗತಿಗಳ ಮೂಲ ಇದು.

ಇದರ ಪಕ್ಕದಲ್ಲೇ ಬೆಳೆದ ಇನ್ನೊಂದು ವಿಧಾನ ಯೋಗನಿದ್ರೆ. ಬಿಹಾರದ ಮುಂಗೇರ್‌ನ ಸ್ವಾಮಿ ಸತ್ಯಾನಂದ ಸರಸ್ವತಿ 1960–70ರ ದಶಕಗಳಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಮಲಗಿ, ಹೇಳುವವರ ಮಾತು ಕೇಳುತ್ತ, ಗಮನವನ್ನು ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಮೈಯ ಒಂದೊಂದೇ ಭಾಗಕ್ಕೆ ಒಯ್ಯುವುದು ಇದರ ಮುಖ್ಯ ಹಂತ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪದ್ಧತಿಯೂ ಸ್ನಾಯುಗಳನ್ನು ಒಂದೊಂದಾಗಿ ಗಮನಿಸಿ ಸಡಿಲಿಸುವುದನ್ನೇ ಕಲಿಸುತ್ತದೆ.

ಅಲುಗಾಡದಿದ್ದರೆ ಒಳಗೆ ನಡೆಯುವುದೇನು

ನಮ್ಮ ಇಚ್ಛೆಗೆ ಒಳಪಡದ ನರಮಂಡಲಕ್ಕೆ ಎರಡು ಕವಲುಗಳಿವೆ. ಒಂದು ಮೈಯನ್ನು ಓಟಕ್ಕೆ, ಹೋರಾಟಕ್ಕೆ ಸಜ್ಜುಗೊಳಿಸುತ್ತದೆ. ಎದೆಬಡಿತ ಏರಿಸುತ್ತದೆ, ರಕ್ತನಾಳ ಬಿಗಿಯುತ್ತದೆ. ಇನ್ನೊಂದು ಜೀರ್ಣಕ್ರಿಯೆ, ದುರಸ್ತಿ, ವಿಶ್ರಾಂತಿಗಳನ್ನು ನೋಡಿಕೊಳ್ಳುತ್ತದೆ. ಚಳಿ ಮತ್ತು ಗಡಿಬಿಡಿ ಎರಡೂ ಮೊದಲನೆಯದನ್ನೇ ಕೆರಳಿಸುತ್ತವೆ.

ಎರಡನೆಯ ಕವಲನ್ನು ನೇರವಾಗಿ ಆಜ್ಞೆ ಮಾಡಿ ಎಬ್ಬಿಸಲು ಬರುವುದಿಲ್ಲ. ಆದರೆ ಅದಕ್ಕೆ ಉಸಿರಿನ ಮೂಲಕ ದಾರಿ ಇದೆ. ಉಸಿರು ಒಳಗೆ ಎಳೆದಾಗ ಎದೆಬಡಿತ ತುಸು ಚುರುಕಾಗುತ್ತದೆ, ಹೊರಬಿಟ್ಟಾಗ ತುಸು ನಿಧಾನವಾಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡುವ ಸರಳ ಕ್ರಮದ ಹಿಂದಿನ ತರ್ಕ ಇಷ್ಟೇ.

ಇದು ಬರಿಯ ನಂಬಿಕೆಯ ಮಾತಲ್ಲ. ಮುಂಬೈನ ಹೃದ್ರೋಗ ತಜ್ಞ ಕೆ.ಕೆ. ದಾತೆ ಮತ್ತು ಸಹೋದ್ಯೋಗಿಗಳು ಅಧಿಕ ರಕ್ತದೊತ್ತಡದ ರೋಗಿಗಳಿಗೆ ಶವಾಸನ ಕಲಿಸಿ ನಡೆಸಿದ ಅಧ್ಯಯನ 1969ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹಲವರ ರಕ್ತದೊತ್ತಡ ಇಳಿದಿತ್ತು, ಕೆಲವರ ಔಷಧದ ಪ್ರಮಾಣ ತಗ್ಗಿಸಲು ಸಾಧ್ಯವಾಗಿತ್ತು. ಅಧ್ಯಯನಕ್ಕೆ ಒಳಪಟ್ಟವರ ಸಂಖ್ಯೆ ಐವತ್ತಕ್ಕೂ ಕಡಿಮೆ. ಆದ್ದರಿಂದ ಅದನ್ನು ಔಷಧ ಬಿಡಲು ಅಪ್ಪಣೆ ಎಂದು ಓದಬಾರದು; ಪೂರಕ ಎಂದು ಓದಬೇಕು.

ಬೆಂಗಳೂರಿನ ಸಮೀಪ ಜಿಗಣಿಯ ಪ್ರಶಾಂತಿ ಕುಟೀರದಲ್ಲಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಕೆಲಸ ಇನ್ನೊಂದು ಮುಖ್ಯ ಸುಳಿವು ಕೊಡುತ್ತದೆ. ಅಲ್ಲಿ ರೂಪಿಸಿದ ಆವರ್ತನ ಧ್ಯಾನದಲ್ಲಿ ನಿಧಾನವಾದ ಆಸನ ಮತ್ತು ಮಲಗಿ ವಿಶ್ರಮಿಸುವುದು ಒಂದಾದ ಮೇಲೊಂದು ಬರುತ್ತವೆ. ಇದಕ್ಕೆ ಮಾಂಡೂಕ್ಯ ಉಪನಿಷತ್ತನ್ನು ವಿವರಿಸುವ ಮಾಂಡೂಕ್ಯ ಕಾರಿಕೆಯ ವಿಚಾರವೊಂದು ಆಧಾರ. ಆ ಸಂಸ್ಥೆಯ ಶರ್ಲಿ ಟೆಲ್ಲಸ್, ಎಚ್.ಆರ್. ನಾಗೇಂದ್ರ ಮತ್ತಿತರರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆವರ್ತನ ಧ್ಯಾನದ ನಂತರ ದೇಹ ಬಳಸುವ ಆಮ್ಲಜನಕ ಶೇ 32ರಷ್ಟು ಇಳಿದರೆ, ಬರಿಯ ಶವಾಸನದ ನಂತರ ಇಳಿದದ್ದು ಶೇ 10ರಷ್ಟು. ಚಳಿಗಾಲಕ್ಕೆ ಇದರಲ್ಲಿ ಪಾಠವಿದೆ: ಮುದುಡಿದ ಮೈಯನ್ನು ಸೀದಾ ಮಲಗಿಸಿದರೆ ಅದು ಪೂರ್ತಿ ಸಡಿಲವಾಗುವುದಿಲ್ಲ. ಮೊದಲು ಸ್ವಲ್ಪ ಚಲನೆ, ಆಮೇಲೆ ನಿಶ್ಚಲತೆ.

ಮನೆಯಲ್ಲಿರುವ ಸಾಮಾನೇ ಸಾಕು

ಈ ಅಭ್ಯಾಸಕ್ಕೆ ಅಂಗಡಿಯಿಂದ ಏನೂ ತರಬೇಕಿಲ್ಲ. ಚಾಪೆ, ಜಮಖಾನ, ಒಂದೆರಡು ಕಂಬಳಿ ಅಥವಾ ಕೌದಿ, ಮೂರು ನಾಲ್ಕು ದಿಂಬು, ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಹತ್ತಿಯ ಟವೆಲ್ ಇದ್ದರೆ ಆಯಿತು. ಲೋಡುದಿಂಬು ಇಲ್ಲದವರು ಎರಡು ದಿಂಬನ್ನು ಉದ್ದಕ್ಕೆ ಜೋಡಿಸಿ ಕಂಬಳಿಯಿಂದ ಬಿಗಿಯಾಗಿ ಸುತ್ತಬಹುದು.

ನೆಲದ ತಂಪು ಮೊದಲ ಶತ್ರು. ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲಗಳು ಮೈಯ ಶಾಖವನ್ನು ಗಾಳಿಗಿಂತ ಬೇಗ ಹೀರುತ್ತವೆ. ಅಲುಗಾಡದೆ ಮಲಗಿದ ದೇಹ ಶಾಖವನ್ನು ಕಡಿಮೆ ಉತ್ಪಾದಿಸುವುದರಿಂದ ಐದು ನಿಮಿಷದಲ್ಲೇ ಚಳಿ ಹತ್ತುತ್ತದೆ; ಚಳಿ ಹತ್ತಿದ ಮೈ ಸಡಿಲವಾಗುವುದಿಲ್ಲ. ಹಾಗಾಗಿ ಕೆಳಗೆ ಚಾಪೆ, ಅದರ ಮೇಲೆ ಮಡಿಸಿದ ಜಮಖಾನ, ಕಾಲಿಗೆ ಸಾಕ್ಸ್, ಮೇಲೆ ಹೊದಿಕೆ ಇವನ್ನು ಮಲಗುವ ಮೊದಲೇ ಅಣಿಮಾಡಿಕೊಳ್ಳಬೇಕು. ಪಾದ ಬೆಚ್ಚಗಾದರೆ ಚರ್ಮದ ರಕ್ತನಾಳಗಳು ಅರಳಿ, ಒಳಗಿನ ಶಾಖ ನಿಧಾನವಾಗಿ ಹೊರಹರಿಯುತ್ತದೆ. ರಾತ್ರಿಯ ನಿದ್ದೆಗೂ ದೇಹ ಇದೇ ದಾರಿಯಲ್ಲಿ ಸಿದ್ಧವಾಗುತ್ತದೆ.

ಶುರುವಿನ ಐದು ನಿಮಿಷ ಚಲನೆಗೆ ಮೀಸಲು. ಅಂಗೈ ಉಜ್ಜಿ, ಹೆಗಲನ್ನು ಹಿಂದೆ ಮುಂದೆ ತಿರುಗಿಸಿ, ಅಂಗೈ ಮಂಡಿ ಊರಿ ಮಾರ್ಜಾಲಾಸನದಲ್ಲಿ ಬೆನ್ನನ್ನು ಎಂಟು ಹತ್ತು ಸಲ ಏರಿಸಿ ಇಳಿಸಿದರೆ ಸಾಕು.

ಮೊದಲನೆಯದು ಸುಪ್ತ ಬದ್ಧಕೋನಾಸನ. ಲೋಡುದಿಂಬನ್ನು ಬೆನ್ನಿನ ಹಿಂದೆ ಉದ್ದಕ್ಕೆ ಇಟ್ಟು, ಅದರ ಅಂಚಿಗೆ ಸೊಂಟ ತಾಗುವಂತೆ ನೆಲದ ಮೇಲೆ ಕೂತು, ಕೈ ಊರಿ ಹಿಂದಕ್ಕೆ ಒರಗಬೇಕು. ತಲೆಗೆ ಮಡಿಸಿದ ಟವೆಲ್. ಹಣೆ ಗಲ್ಲಕ್ಕಿಂತ ತುಸು ಎತ್ತರದಲ್ಲಿರಬೇಕು. ಅಂಗಾಲುಗಳನ್ನು ಕೂಡಿಸಿ ಮಂಡಿಗಳನ್ನು ಅಕ್ಕಪಕ್ಕಕ್ಕೆ ಬಿಟ್ಟು, ಎರಡೂ ತೊಡೆಗಳ ಕೆಳಗೆ ದಿಂಬು ಕೊಡಬೇಕು. ತೊಡೆ ಎಳೆದಂತಾದರೆ ದಿಂಬು ಸಾಲದು ಎಂದರ್ಥ. ಚಳಿಗೆ ಒಳಸೇರಿದ ಎದೆ ಇಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಏಳೆಂಟು ನಿಮಿಷ ಇರಬಹುದು.

ಎರಡನೆಯದು ಬಾಲಾಸನ. ಅದೇ ಲೋಡುದಿಂಬನ್ನು ಮುಂದಿಟ್ಟು, ಮಂಡಿಗಳನ್ನು ಅದರ ಎರಡು ಬದಿಗೆ ಅಗಲಿಸಿ ಕೂತು, ಹೊಟ್ಟೆ ಎದೆಗಳನ್ನು ಅದರ ಮೇಲೆ ಚೆಲ್ಲಿ ಮಲಗಬೇಕು. ಮುಖ ಎರಡು ನಿಮಿಷ ಬಲಕ್ಕೆ, ಎರಡು ನಿಮಿಷ ಎಡಕ್ಕೆ.

ಮೂರನೆಯದು ವಿಪರೀತ ಕರಣಿಯ ಸುಲಭ ರೂಪ. ಅಂಗಾತ ಮಲಗಿ ಮೊಣಕಾಲು ಮಡಿಸಿ, ಮೀನಖಂಡಗಳನ್ನು ಕುರ್ಚಿಯ ಮೇಲಿಡಬೇಕು. ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಇದ್ದರೆ ಅಂಚು ಒತ್ತುವುದಿಲ್ಲ. ಇಡೀ ದಿನ ನಿಂತು ಕೆಲಸ ಮಾಡುವವರಿಗೆ, ಅಡುಗೆಮನೆಯಲ್ಲಿರುವವರಿಗೆ, ಅಂಗಡಿಯವರಿಗೆ, ಬಸ್ ಕಂಡಕ್ಟರುಗಳಿಗೆ, ಶಿಕ್ಷಕರಿಗೆ ಇದು ಕಾಲಿಗೆ ಹಿತ ಕೊಡುವ ಭಂಗಿ.

ಕೊನೆಯದು ಶವಾಸನ, ಹತ್ತು ನಿಮಿಷ. ಮಂಡಿ ಕೆಳಗೆ ಸುತ್ತಿದ ಕಂಬಳಿ, ಗಲ್ಲದವರೆಗೆ ಹೊದಿಕೆ, ಕಣ್ಣಿನ ಮೇಲೆ ಮಡಿಸಿದ ಬಟ್ಟೆ. ಕೈಗಳು ಮೈಯಿಂದ ಒಂದು ಗೇಣು ದೂರ, ಅಂಗೈ ಮೇಲ್ಮುಖ. ಹೊರಗೆ ಏನೂ ನಡೆಯುತ್ತಿಲ್ಲವೆಂದು ಕಂಡರೂ ಗಮನಿಸಬೇಕಾದದ್ದು ಬಹಳ ಇರುತ್ತದೆ. ಕಚ್ಚಿ ಹಿಡಿದ ದವಡೆಯನ್ನು ಬಿಟ್ಟರೆ ಹಲ್ಲುಗಳ ನಡುವೆ ಕೂದಲೆಳೆಯಷ್ಟು ಅಂತರ ಮೂಡುತ್ತದೆ. ಅಂಗುಳಿಗೆ ಅಂಟಿದ ನಾಲಗೆ ಕೆಳಗಿಳಿಯುತ್ತದೆ. ಹುಬ್ಬುಗಳ ನಡುವಿನ ಗಂಟು ಸಡಿಲುತ್ತದೆ. ಬೆರಳುಗಳು ತಾವಾಗಿ ಅರ್ಧ ಮಡಚಿಕೊಳ್ಳುತ್ತವೆ. ಹೆಬ್ಬೆರಳು ಒಮ್ಮೆ ಹಾರಿ ಸುಮ್ಮನಾಗುತ್ತದೆ. ಮೂಗಿನ ಹೊಳ್ಳೆಯ ಅಂಚಿಗೆ ಒಳಹೋಗುವ ಗಾಳಿ ತಣ್ಣಗೆ, ಹೊರಬರುವ ಗಾಳಿ ಬೆಚ್ಚಗೆ ತಾಗುವುದು ಚಳಿಗಾಲದಲ್ಲಿ ಬೇರೆಲ್ಲ ಕಾಲಕ್ಕಿಂತ ಸ್ಪಷ್ಟವಾಗಿ ತಿಳಿಯುತ್ತದೆ. ಮನಸ್ಸು ನಾಳೆಯ ಕೆಲಸಕ್ಕೆ ಓಡಿದಾಗೆಲ್ಲ ಈ ತಾಗುವಿಕೆಗೆ ಅದನ್ನು ಮರಳಿ ತಂದರೆ ಸಾಕು. ನಿದ್ದೆ ಬಂದುಬಿಟ್ಟರೆ ಬೇಸರಿಸುವ ಅಗತ್ಯವಿಲ್ಲ. ರಾತ್ರಿಯ ನಿದ್ದೆ ಸಾಲುತ್ತಿಲ್ಲ ಎಂದು ಮೈ ಹೇಳುತ್ತಿದೆ, ಅಷ್ಟೇ.

ಏಳುವಾಗ ಅವಸರ ಬೇಡ. ಮೊದಲು ಬೆರಳು ಅಲುಗಿಸಿ, ಬಲಮಗ್ಗುಲಿಗೆ ಹೊರಳಿ, ಅರ್ಧ ನಿಮಿಷ ಹಾಗೇ ಇದ್ದು, ಅಂಗೈ ಊರಿ ಏಳಬೇಕು. ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು.

ಹೊತ್ತು ಎಲ್ಲಿಂದ ತರುವುದು

ಒಟ್ಟು ಲೆಕ್ಕ ಸುಮಾರು ಅರ್ಧ ಗಂಟೆ. ಅಷ್ಟು ಸಿಗದ ದಿನ ಕುರ್ಚಿಯ ಮೇಲೆ ಕಾಲಿಟ್ಟು ಹದಿನೈದು ನಿಮಿಷ ಮಲಗಿದರೂ ಆದೀತು. ಅಪರೂಪಕ್ಕೆ ಒಂದು ಗಂಟೆ ಮಾಡುವುದಕ್ಕಿಂತ ವಾರಕ್ಕೆ ನಾಲ್ಕು ದಿನ ಹದಿನೈದು ನಿಮಿಷ ಮಾಡುವುದು ಮೇಲು.

ಬೆಳಗಿನ ಹೊತ್ತು ಚಲನೆಯ ಯೋಗಕ್ಕೆ, ನಡಿಗೆಗೆ ಸರಿ. ಅದೂ ಎಳೆಬಿಸಿಲು ಬಂದ ಮೇಲೆ ಒಳ್ಳೆಯದು. ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಸರಿಹೊಂದಿಸುತ್ತದೆ. ವಯಸ್ಸಾದವರಿಗೆ ನಸುಕಿನ ಕೊರೆವ ಚಳಿ ಹೃದಯಕ್ಕೆ ಹೊರೆ. ವಿಶ್ರಾಂತಿಯ ಯೋಗಕ್ಕೆ ಸಂಜೆ ಸೂಕ್ತ. ಮುಸ್ಸಂಜೆಯಲ್ಲಿ ಮಲಗಬಾರದು ಎಂಬ ರೂಢಿ ಬಹಳ ಮನೆಗಳಲ್ಲಿ ಉಂಟು. ಅದನ್ನು ಮುರಿಯುವ ಅಗತ್ಯವಿಲ್ಲ. ದೇವರ ಮುಂದೆ ದೀಪ ಹಚ್ಚಿದ ಮೇಲೆ, ರಾತ್ರಿಯೂಟಕ್ಕೆ ಮೊದಲು, ಏಳರಿಂದ ಏಳೂವರೆಯವರೆಗಿನ ಅರ್ಧ ಗಂಟೆ ಹೊಂದುತ್ತದೆ. ಹೊಟ್ಟೆ ಹಗುರವಿರಬೇಕು. ಊಟವಾಗಿದ್ದರೆ ಮೂರು ಗಂಟೆ, ತಿಂಡಿ ಕಾಫಿಯಾಗಿದ್ದರೆ ಒಂದೂವರೆ ಗಂಟೆ ಅಂತರ ಬೇಕು.

ಈ ಅರ್ಧ ಗಂಟೆಯನ್ನು ಸದ್ಯ ಕಬಳಿಸುತ್ತಿರುವುದು ಮೊಬೈಲ್ ಮತ್ತು ಟೀವಿ. ಆಯಾಸವಾದಾಗ ಸೋಫಾದ ಮೇಲೆ ಒರಗಿ ಪರದೆ ನೋಡುವುದನ್ನು ವಿಶ್ರಾಂತಿ ಎಂದು ತಿಳಿಯುವುದು ವಾಡಿಕೆ. ಆಗ ಮೈ ಒರಗಿರುತ್ತದೆ, ಆದರೆ ಕಣ್ಣು, ಕತ್ತು, ಮನಸ್ಸು ದುಡಿಯುತ್ತಲೇ ಇರುತ್ತವೆ. ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬರುವುದೇ ಈ ಅಭ್ಯಾಸದ ಮೊದಲ ಆಸನ ಎನ್ನಬೇಕು.

ಧನುರ್ಮಾಸದಲ್ಲಿ ಮದುವೆ, ಗೃಹಪ್ರವೇಶಗಳು ನಡೆಯುವುದಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಆ ತಿಂಗಳು ಪಟ್ಟಣದ ಕುಟುಂಬಗಳಿಗೆ ಸಮಾರಂಭಗಳ ಓಡಾಟದಿಂದ ಬಿಡುವು ಕೊಡುತ್ತದೆ. ಹೊಸ ಅಭ್ಯಾಸವೊಂದನ್ನು ಆರಂಭಿಸಲು ಇದಕ್ಕಿಂತ ಒಳ್ಳೆಯ ತಿಂಗಳು ಸಿಗದು. ರೈತರ ಮನೆಗಳ ಲೆಕ್ಕ ಬೇರೆ. ರಾಗಿ ಒಕ್ಕಣೆ, ಅವರೆ, ತೊಗರಿ ಕೊಯ್ಲು, ಸುಗ್ಗಿಯ ಕಣದ ಕೆಲಸ ಎಲ್ಲ ಬರುವುದು ಈಗಲೇ. ಆ ದುಡಿಮೆ ಮಾಡಿದ ಬೆನ್ನಿಗೆ, ಸೊಂಟಕ್ಕೆ ರಾತ್ರಿ ಮಲಗುವ ಮೊದಲಿನ ಹತ್ತು ನಿಮಿಷದ ಶವಾಸನ ಇನ್ನೂ ಅಗತ್ಯ.

ಹೊತ್ತು ಸಿಗದವರಲ್ಲಿ ಮೊದಲ ಸಾಲಿನಲ್ಲಿರುವವರು ಮನೆಯ ಹೆಂಗಸರು. ಧನುರ್ಮಾಸದಲ್ಲಿ ಎಲ್ಲರಿಗಿಂತ ಮೊದಲೆದ್ದು ನೀರು ಕಾಯಿಸಿ, ಹುಗ್ಗಿ ಮಾಡಿ, ಡಬ್ಬಿ ಕಟ್ಟಿ, ಹೊರಗಿನ ಕೆಲಸಕ್ಕೂ ಹೋಗಿ ಬರುವವರಿಗೆ ಸಂಜೆಯ ಅರ್ಧ ಗಂಟೆ ತಾನಾಗಿ ಸಿಗುವುದಿಲ್ಲ; ಮನೆಯವರು ಬಿಟ್ಟುಕೊಡಬೇಕು. ಆ ಹೊತ್ತಿನಲ್ಲಿ ಚಪಾತಿ ಲಟ್ಟಿಸುವುದು, ಮಕ್ಕಳ ಹೋಂವರ್ಕ್ ನೋಡುವುದು ಬೇರೆಯವರ ಪಾಲಾದರೆ ಮಾತ್ರ ಅವರ ವಿಶ್ರಾಂತಿಗೆ ಅರ್ಥವಿದೆ.

ದೂರದ ಚಳಿ, ಉದ್ದನೆಯ ರಾತ್ರಿ

ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರಿಗೆ ಡಿಸೆಂಬರ್ ಕೊನೆಯ ಹಗಲು ಎಂಟು ಗಂಟೆಗೂ ಕಡಿಮೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮರಳುವ ಆ ವಾರಗಳಲ್ಲಿ ಮನಸ್ಸು ಕುಗ್ಗುವುದು ಕಾಯಿಲೆಯಾಗಿಯೂ ಬೆಳೆಯಬಹುದು. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ವಿವರಿಸಿದ ಋತುಮಾನದ ಖಿನ್ನತೆ ಅದು. ಅಲ್ಲಿ ಮೊದಲ ಮದ್ದು ಬೆಳಕು ಮತ್ತು ವೈದ್ಯರ ಸಲಹೆ. ಬೆಳಗ್ಗೆ ಹೊರಗೆ ನಡೆದು ಬೆಳಕು ಪಡೆದು, ಸಂಜೆ ನಿಶ್ಚಲತೆಗೆ ಕೂರುವುದು ಸರಿಯಾದ ಕ್ರಮ. ಕುಗ್ಗಿದ ಮನಸ್ಸಿಗೆ ಕತ್ತಲ ಕೋಣೆಯಲ್ಲಿ ಒಬ್ಬರೇ ಬಹಳ ಹೊತ್ತು ಮಲಗಿರುವುದು ಹಿತವಲ್ಲ.

ಎಚ್ಚರ ಬೇಕಾದವರು

ಗ್ಲಾಕೋಮಾ ಇರುವವರು ಕಾಲು ಮೇಲೆತ್ತುವ, ತಲೆ ಕೆಳಗಾಗುವ ಭಂಗಿಗಳಿಗೆ ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು. ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರಿಗೂ ಇದೇ ಮಾತು. ಗರ್ಭಿಣಿಯರು ತಿಂಗಳು ತುಂಬುತ್ತ ಹೋದಂತೆ ಅಂಗಾತ ಮಲಗುವುದನ್ನು ಬಿಟ್ಟು, ಎಡಮಗ್ಗುಲಿಗೆ ಮಲಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಳ್ಳಬೇಕು. ಹುಳಿತೇಗು, ಎದೆಯುರಿ, ಆಸ್ತಮಾ ಇರುವವರಿಗೆ ಬೆನ್ನಿನ ಮೇಲ್ಭಾಗ ಎತ್ತರವಿರುವ ಭಂಗಿಯೇ ಹಿತ.

ಬೆಚ್ಚಗಿರುವ ಹಂಬಲದಲ್ಲಿ ಆಗುವ ಅನಾಹುತಗಳೂ ಇವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಳ್ಳುವುದು ಪ್ರಾಣಕ್ಕೆ ಅಪಾಯ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರಿಗೆ ಬಿಸಿನೀರಿನ ಚೀಲ ಸುಟ್ಟದ್ದೂ ತಿಳಿಯುವುದಿಲ್ಲ. ಅವರಿಗೆ ಸಾಕ್ಸ್, ಕಂಬಳಿಯೇ ಸುರಕ್ಷಿತ.

ವರ್ಷದ ಎರಡು ತುದಿಗಳು

ವಿಶ್ವಸಂಸ್ಥೆ 2014ರ ಡಿಸೆಂಬರಿನಲ್ಲಿ 177 ರಾಷ್ಟ್ರಗಳ ಸಹ ಪ್ರಾಯೋಜನೆಯೊಂದಿಗೆ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವಾಗಿ ಘೋಷಿಸಿತು. ಹತ್ತು ವರ್ಷಗಳ ನಂತರ, 2024ರ ಡಿಸೆಂಬರಿನಲ್ಲಿ, ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಸಾರಿತು. ಉತ್ತರ ಗೋಳಾರ್ಧದ ಅತಿ ದೀರ್ಘ ಹಗಲಿನ ಸುಮಾರಿಗೆ ಯೋಗ, ಅತಿ ಚಿಕ್ಕ ಹಗಲಿನ ಸುಮಾರಿಗೆ ಧ್ಯಾನ. ಮೊದಲನೆಯದು ಮೈದಾನಗಳಲ್ಲಿ ಸಾವಿರಾರು ಜನರ ಆಸನಗಳೊಂದಿಗೆ ಆಚರಣೆಯಾಗುತ್ತಿದೆ. ಎರಡನೆಯದಕ್ಕೆ ಮೈದಾನ ಬೇಕಿಲ್ಲ, ಮನೆಯ ಒಂದು ಮೂಲೆ ಸಾಕು.

ಸಾಧನೆ ಎಂದರೆ ಬೆವರು ಎಂದು ನಂಬಿಸಿದ ಕಾಲ ಇದು. ಆದರೆ ಮೈಯನ್ನು ಬಾಗಿಸುವುದಕ್ಕಿಂತ ಬಿಟ್ಟುಕೊಡುವುದನ್ನು ಕಲಿಯುವುದು ಕಷ್ಟ. ಕಲಿತವರಿಗೆ ಆಗುವ ಲಾಭವೂ ದೊಡ್ಡದು. ಈ ಮಾಗಿಯಲ್ಲಿ ಡಿಸೆಂಬರ್ 21ರಿಂದ ಸಂಕ್ರಾಂತಿಯವರೆಗೆ ಸಂಜೆಯ ಅರ್ಧ ಗಂಟೆಯನ್ನು ಓದುಗರು ಇದಕ್ಕೆ ಮೀಸಲಿಡಲಿ. ಮನೆಯಲ್ಲಿ ಅತಿ ಹೆಚ್ಚು ದಣಿದವರು ಯಾರೋ, ಚಾಪೆ ಮೊದಲು ಅವರಿಗೆ ಹಾಸಲಿ.